ನಸಿಮಿಯು ಟೀಚರ್ ಕಾದ ಷರಾ

ನಮ್ಮ ಬುಂಗೋಮಾ ಕಡೆ ಶಾಲೆಗೆ ಯಾರೇ ಬಂದರೂ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ ಷರಾ ಬರೆಯಬೇಕು. ನಮ್ಮ ಶಾಲೆಯ ಪುಸ್ತಕ ಇಪ್ಪತ್ತೆರಡು ವರ್ಷದಿಂದ ಗಣಿತದ ಟೀಚರ್ ನಸಿಮಿಯುವಿನ ಕೈಯಲ್ಲಿದೆ. ನಾನು ಪಕ್ಕದ ತರಗತಿಯ ಮೇಷ್ಟ್ರು. ಆಕೆಯ ಬಾಯಿಗೆ ಹೆದರದವರನ್ನು ನಾನು ಕಂಡಿಲ್ಲ.

ನೈರೋಬಿಯ ಕಂಪ್ಯೂಟರ್ ಜಾಣರು ವರ್ಷಕ್ಕೊಮ್ಮೆ ಸೇವೆ ಮಾಡಲು ಬರುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಮಕ್ಕಳ ಹೆಗಲ ಮೇಲೆ ಕೈ, ಆಮೇಲೆ ಫೋಟೋ. ಒಂದು ವರ್ಷ ಬಂದವರು ಹನ್ನೆರಡು ಲ್ಯಾಪ್‌ಟಾಪ್ ಕೊಟ್ಟು, ಪಾಸ್‌ವರ್ಡನ್ನು ತಮ್ಮ ತಲೆಯಲ್ಲೇ ಹೊತ್ತುಕೊಂಡು ಹೋದರು. ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಕೊನೆಗೆ ನಸಿಮಿಯು ರಟ್ಟಿನ ಮೇಲೆ ಕೀಲಿಮಣೆ ಬರೆದು ಮಕ್ಕಳಿಗೆ ಬೆರಳಾಡಿಸಲು ಕಲಿಸಿದಳು.

ಮರುವರ್ಷದ ತಂಡದಲ್ಲಿ ಬಂದ ಮುರಿಮಿ ಎಂಬವನು ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ ಮುಗಿಸಿ, ಮಧ್ಯಾಹ್ನಕ್ಕೇ ಹೊರಟು ನಿಂತು ಪೆನ್ನು ಕೇಳಿದ.

"ತಡಿಯಪ್ಪಾ. ಮೊದ್ಲು ಹಿಂದಿನವ್ರು ಬರ್ದಿದ್ದು ಓದು, ಜೋರಾಗಿ," ಎಂದಳು ನಸಿಮಿಯು.

ಅವನು ನಗುತ್ತಲೇ ಓದಿದ. "ಅದ್ಭುತ ಮಕ್ಕಳು. ಖಂಡಿತ ಮತ್ತೆ ಬರುತ್ತೇವೆ." ಅದರ ಕೆಳಗೆ, "ಬೇಗನೆ ಮತ್ತೆ ಬರುತ್ತೇವೆ." ಏಳನೆಯದಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು.

"ಇವ್ರಲ್ಲಿ ಒಬ್ರಾದ್ರೂ ಎರಡ್ನೇ ಸಲ ಸಹಿ ಹಾಕಿದಾರಾ, ಹುಡುಕು."

ಹುಡುಕಿದ. ಒಬ್ಬರೂ ಸಿಗಲಿಲ್ಲ.

"ಮೇಡಂ, ನಾವು ಆ ಥರದವ್ರಲ್ಲ."

"ಅವ್ರೂ ಇದೇ ಚಾ ಕುಡ್ದು ಇದೇ ಮಾತು ಹೇಳಿದ್ರು ಕಣಪ್ಪಾ. ಹೆಸ್ರಷ್ಟೇ ಬರಿ, ಷರಾ ಜಾಗ ಖಾಲಿ ಬಿಡು. ಎರಡ್ನೇ ಸಲ ಬಂದಾಗ ತುಂಬ್ಸೀಯಂತೆ."

ಮೂರು ವರ್ಷವಾಯಿತು. ಆ ಜಾಗ ಇನ್ನೂ ಖಾಲಿಯೇ ಇದೆ. ಇಡೀ ಪುಸ್ತಕದಲ್ಲಿ ಸುಳ್ಳು ಹೇಳದ ಸಾಲು ಅದೊಂದೇ.