ಕಾಕಾ ಆರಿಸಿಕೊಂಡ ಸೋಗು

ಮೊನ್ನೆ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತವಳು, ಕೀಬೋರ್ಡಿನ ಸಂದಿಗಳಿಂದ ಇರುವೆಗಳು ಸಾಲಾಗಿ ಹೊರಬರುವುದನ್ನು ಕಂಡೆ. ಹಿಂದಿನ ಸಂಜೆ ಮಗಳು ಅಲ್ಲೇ ಕೂತು ಬೆಲ್ಲದ ಚಿಕ್ಕಿ ತಿಂದಿದ್ದಳು. ಗಂಡ ಒರೆಸಲು ಬಟ್ಟೆ ಹಿಡಿದು ಬಂದರು. ನಾನು ತಡೆದೆ. ಕೀಬೋರ್ಡನ್ನು ಕಿಟಕಿಯ ಕಟ್ಟೆಗೆ ಓರೆಯಾಗಿ ಒರಗಿಸಿ, ಒಂದು ಗೇಣು ದೂರದಲ್ಲಿ ಚಿಟಿಕೆ ಸಕ್ಕರೆ ಇಟ್ಟು ಕಾಯುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅಷ್ಟೂ ಇರುವೆಗಳು ಸಕ್ಕರೆಯ ಕಡೆ ಹೊರಟವು. ಇದನ್ನು ಯಾರು ಕಲಿಸಿದರು ಎಂದು ಗಂಡ ಕೇಳಿದರು. ಕಾಕಾ ಎಂದೆ... ಆ ಹೆಸರು ಬಾಯಿಗೆ ಬಂದ ಮೇಲೆ ದಿನವೆಲ್ಲ ಬೇರೆ ಕೆಲಸಕ್ಕೆ ಮನಸ್ಸು ಹತ್ತಲಿಲ್ಲ.

ಕಾಕಾ ನಮಗೆ ಬಂಧುವಲ್ಲ. ಕಾಗವಾಡದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು. ಕೆಳಗೆ ಅವರು ಮತ್ತು ಅವರ ಹೆಂಡತಿ, ಮೇಲೆ ನಾವು. ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಜೈನರ ಮನೆತನ, ಕಿರಾಣಿ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಬಿಟ್ಟು ಕಾಕಾ ಮನೆಯಲ್ಲಿರುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ. ನೆಲದಡಿ ಬೆಳೆಯುವ ಗಡ್ಡೆ ಗೆಣಸು ಮುಟ್ಟಿದವರಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಟ್ಟವರಲ್ಲ. ಮೆಟ್ಟಿಲು ಹತ್ತುವಾಗಲೂ ಕೆಳಗೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು. ಹಾಗಾಗಿ ಅವರು ನಮ್ಮ ಬಾಗಿಲಿಗೆ ಬರುವುದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಆಗ ನನ್ನ ಪಿಯುಸಿ ಪರೀಕ್ಷೆ ಮುಗಿದು ರಜೆ. ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹಳೆಯ ಕಂಪ್ಯೂಟರೊಂದನ್ನು ತಂದಿದ್ದರು. ಅದರಲ್ಲಿ ನಾನೊಂದು ಆನ್‌ಲೈನ್ ಆಟಕ್ಕೆ ಬಿದ್ದಿದ್ದೆ. ಕಾಡು, ಕೋಟೆ, ರಾಕ್ಷಸರು ತುಂಬಿದ ಕಲ್ಪನೆಯ ಲೋಕ. ಊರೂರಿನವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅಲ್ಲಿ ಓಡಾಡುತ್ತಿದ್ದರು. ನಾನು ಬಿಲ್ಲುಗಾರ್ತಿ. ಒಂದು ಮಧ್ಯಾಹ್ನ ಹಂದಿಯೊಂದಕ್ಕೆ ಬಾಣ ಬಿಡುತ್ತಿದ್ದಾಗ ಬೆನ್ನ ಹಿಂದಿನಿಂದ ದನಿ ಬಂತು.

"ಅದು ನಿನಗ ಏನ ಮಾಡಿತ್ತ, ತಂಗಿ?"

ಕಾಕಾ ಹಂದಿ ಬಿದ್ದ ಜಾಗವನ್ನು ಒಂದು ಗಳಿಗೆ ನೋಡಿ, ನೀರಿನ ಟಾಕಿ ತುಂಬಿದೆಯೇ ಎಂದು ಕೇಳಿ ಇಳಿದುಹೋದರು.

ಅದೇ ವಾರ ಆಟದೊಳಗೆ ನನಗೊಂದು ಸಂದೇಶ ಬಂತು. ನನ್ನ ಪಾತ್ರದ ಪರಿಚಯದಲ್ಲಿ ಊರಿನ ಹೆಸರು ಬರೆದುಕೊಂಡಿದ್ದೆ. ಅದನ್ನು ನೋಡಿ ಮಿರಜದ ಹುಡುಗಿಯೊಬ್ಬಳು, ಕಾಗವಾಡದಲ್ಲಿ ಎಲ್ಲಿ ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೇಳಿದ್ದಳು. ಬಸದಿಯ ಹಿಂದಿನ ಓಣಿ, ಹಸಿರು ಬಾಗಿಲಿನ ಮನೆ ಎಂದೆ. ಆಮೇಲೆ ಬರೆದಳು: ಅದು ನಮ್ಮಜ್ಜನ ಮನೆ, ನಾನು ಒಮ್ಮೆಯೂ ಒಳಗೆ ಬಂದಿಲ್ಲ.

ಅವ್ವನನ್ನು ಕೇಳಿದಾಗ ಕಥೆ ತಿಳಿಯಿತು. ಕಾಕಾರಿಗೆ ಒಬ್ಬಳೇ ಮಗಳು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಮಿರಜಕ್ಕೆ ಹೋದಳು. ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎಂದು ಕಾಕಾ ಹೇಳಿದ್ದರು. ಹದಿನಾರು ವರ್ಷವಾಗಿತ್ತು. ಆಕೆಗೊಬ್ಬಳು ಮಗಳಿರುವುದು ಊರಿಗೆಲ್ಲ ಗೊತ್ತಿತ್ತು, ಆದರೆ ಕಾಕಾರ ಮುಂದೆ ಯಾರೂ ಆ ಮಾತು ತೆಗೆಯುತ್ತಿರಲಿಲ್ಲ.

ನಾನು ತೆಗೆದೆ. ಹದಿನೇಳರ ವಯಸ್ಸು, ಬಾಯಿ ತಡೆಯಲಿಲ್ಲ. ಅಂಗಳದಲ್ಲಿ ಹೆಸರುಬೇಳೆ ಆರಿಸುತ್ತಿದ್ದ ಕಾಕಾರ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಅವರು ತಲೆ ಎತ್ತಲಿಲ್ಲ. ಬೇಳೆಯಲ್ಲಿದ್ದ ಒಂದು ಹುಳವನ್ನು ಬೆರಳ ತುದಿಗೆ ಹತ್ತಿಸಿಕೊಂಡು ತುಳಸಿಯ ಗಿಡದ ಬುಡಕ್ಕೆ ಬಿಟ್ಟು ಒಳಗೆ ಹೋದರು. ದೊಡ್ಡ ತಪ್ಪಾಯಿತೆಂದು ನಾನು ಮೂರು ದಿನ ಕೆಳಗಿಳಿಯಲಿಲ್ಲ.

ನಾಲ್ಕನೆಯ ದಿನ ಸಂಜೆ ಆರೂವರೆಗೆ, ಊಟ ಮುಗಿಸಿ, ತೊಳೆದ ಬಿಳಿ ಅಂಗಿ ತೊಟ್ಟು ಕಾಕಾ ಬಂದು ನನ್ನ ಪಕ್ಕದ ಕುರ್ಚಿಯನ್ನು ಮೆಲ್ಲಗೆ ಒರೆಸಿ ಕೂತರು.

"ಅದರಾಗ ಹೊಸಬರನ್ನ ತಗೋತಾರೇನು?"

ತೆಗೆದುಕೊಳ್ಳುತ್ತಾರೆ ಎಂದೆ. ಆದರೆ ಮೊಮ್ಮಗಳು ಕೊಟ್ಟ ಫೋನ್ ನಂಬರೇ ನನ್ನ ಹತ್ತಿರವಿತ್ತು. ಅದಕ್ಕೆ ಮಾತಾಡಬಹುದಲ್ಲ ಎಂದೂ ಹೇಳಿದೆ. ಕಾಕಾ ತಲೆಯಾಡಿಸಿದರು.

"ಫೋನ ಹಚ್ಚಿದರ ಪಟ್ಟನ ಎತ್ತತಾಳ. ಮೊದಲನೇ ಮಾತ ಏನ ಅನ್ಲಿ? ಇದರಾಗಾದ್ರ ಅಕಿ ತನಕ ನಡಕೊಂತ ಹೋಗೂದೈತಿ. ಅಷ್ಟರಾಗ ಏನರ ಹೊಳದೀತು."

ನಾನು ಹೊಸ ಪಾತ್ರದ ಪುಟ ತೆರೆದೆ. ಆರು ಚಿತ್ರಗಳು ಬಂದವು. ಯಾವುದಾದರೊಂದನ್ನು ಆರಿಸಬೇಕು, ಆರಿಸಿದರೆ ಬದಲಿಸಲಾಗದು ಎಂದು ಕೆಳಗೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದೆ. ಕಾಕಾ ಆ ಸಾಲನ್ನೇ ಬೆರಳಿನಿಂದ ತೋರಿಸಿ, ನಿಜವಾಗಿಯೂ ಬದಲಿಸಲು ಬರುವುದಿಲ್ಲವೇ ಎಂದು ಎರಡು ಸಲ ಕೇಳಿದರು. ಅಳಿಸಿ ಮೊದಲಿನಿಂದ ಶುರುಮಾಡಬಹುದು ಎಂದೆ. "ಹಂಗಾರ ಬರ್ತೈತಿ ಅಂದಂಗಾತು" ಎಂದು ತಮಗೇ ಹೇಳಿಕೊಂಡರು.

ಆರಿಸುವುದಕ್ಕೆ ಮೂರು ಸಂಜೆ ಹಿಡಿಯಿತು. ನಾಟಕದಲ್ಲಿ ಹಾಕುವ ವೇಷಕ್ಕೆ ನಮ್ಮ ಕಡೆ ಸೋಗು ಎನ್ನುತ್ತಾರೆ. ಕಾಕಾ ಈ ಆರನ್ನೂ ಸೋಗು ಎಂದೇ ಕರೆದರು. ಕತ್ತಿ ಹಿಡಿದ ಯೋಧನನ್ನು ನೋಡಿದ ಕೂಡಲೇ ಬೇಡವೆಂದರು. ಬಿಲ್ಲುಗಾರ ಇನ್ನೂ ಕೆಟ್ಟವನು, ಎದುರಿಗೆ ಬಾರದೆ ದೂರದಿಂದ ಹೊಡೆಯುತ್ತಾನೆ. ಹೇಳುವಾಗ ನನ್ನ ಕಡೆ ನೋಡದಿರುವಷ್ಟು ದಯೆ ಅವರಿಗಿತ್ತು. ಬೆಂಕಿ ಕಾರುವ ಮಾಂತ್ರಿಕನಿಂದ ಕಣ್ಣಿಗೆ ಕಾಣದ ಎಷ್ಟು ಹುಳಹುಪ್ಪಟೆ ಸುಡುತ್ತವೋ. ಕಳ್ಳನ ಸುದ್ದಿಯೇ ಬೇಡ. ಕೊನೆಗೆ ಗಾಯ ವಾಸಿಮಾಡುವ ವೈದ್ಯನನ್ನು ತೋರಿಸಿ ಇವನು ಸರಿ ಎಂದೆ. ನನಗದು ತೀರ್ಮಾನವಾದ ಹಾಗೇ ಅನಿಸಿತ್ತು. ಕಾಕಾ ಆ ರಾತ್ರಿ ಯೋಚಿಸಿ ಮರುಸಂಜೆ ಬಂದರು.

"ಇಂವ ವಾಸಿ ಮಾಡಿದ ಮ್ಯಾಲ ಅವರೆಲ್ಲ ಎಲ್ಲಿ ಹೋಗ್ತಾರ?"

"ಮತ್ತ ಕಾದಾಡಾಕ ಹೋಗ್ತಾರ್ರಿ ಕಾಕಾ."

"ಅಂದ್ರ ಅವರ ಕೈಲೆ ನಾನ ಕೊಂದಂಗಾತಲ್ಲ."

ಉಳಿದವನು ಒಬ್ಬನೇ, ಹಾಡುಗಾರ. ಕೈಯಲ್ಲೊಂದು ತಂತಿವಾದ್ಯ. ಆಟದಲ್ಲಿ ಅವನನ್ನು ಆರಿಸುವವರೇ ಇರಲಿಲ್ಲ, ಅಷ್ಟು ದುರ್ಬಲ. ಅವನಿಗೆ ಮೊದಲು ಸಿಗುವುದು ಒಂದೇ ವಿದ್ಯೆ: ಹಾಡಿದರೆ ಎದುರಿನ ಪ್ರಾಣಿ ಒಂದಿಷ್ಟು ಹೊತ್ತು ನಿದ್ದೆ ಹೋಗುತ್ತದೆ. ಅದನ್ನು ಕೇಳಿದ ಕಾಕಾ, ಎದ್ದಮೇಲೆ ಅದಕ್ಕೆ ತಲೆನೋವು ಗಿಲೆನೋವು ಬರುತ್ತದೆಯೇ ಎಂದು ವಿಚಾರಿಸಿದರು. ಬರುವುದಿಲ್ಲ ಎಂದೆ.

"ಮಲಗಸೂದರಾಗ ಪಾಪಿಲ್ಲ. ಈ ಸೋಗ ಇರ್ಲಿ."

ಹೀಗೆ ಎಪ್ಪತ್ತು ವಯಸ್ಸಿನ ಹಾಡುಗಾರರು ಹೊಸಬರ ಹಳ್ಳಿಯಲ್ಲಿ ಕಣ್ಣು ಬಿಟ್ಟರು. ಮೊಮ್ಮಗಳ ಪಾತ್ರವಿದ್ದದ್ದು ನದಿಯಾಚೆಯ ದೊಡ್ಡ ಪಟ್ಟಣದಲ್ಲಿ. ಆಟದಲ್ಲಿ ಬಹಳ ಮುಂದೆ ಹೋದ ದೊಡ್ಡ ಪಾತ್ರಗಳು ಹೊಸಬರ ಹಳ್ಳಿಗೆ ಬರುವಂತಿರಲಿಲ್ಲ, ಇವರೇ ಹೋಗಬೇಕು. ನಡುವೆ ತೋಳಗಳ ಕಾಡು, ಕರಡಿಗಳ ಬೆಟ್ಟ. ನಾನು ಪಕ್ಕದ ಮನೆಯ ಕಂಪ್ಯೂಟರಿನಿಂದ ಬಂದು ಬಾಣ ಬಿಟ್ಟು ದಾರಿ ಮಾಡಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಶುರುವಿನಲ್ಲಿ ಎಲ್ಲರಿಗೂ ಒಂದು ಚೂರಿ ಕೊಡುತ್ತಿದ್ದರು. ಎಸೆಯಲು ಬರುತ್ತಿರಲಿಲ್ಲ, ಮಾರಬಹುದಿತ್ತು. ಮಾರಿದರೆ ಇನ್ನೊಬ್ಬ ಅದರಿಂದ ಕೊಲ್ಲುತ್ತಾನೆ ಎಂದು ಕಾಕಾ ಅದನ್ನು ಚೀಲದ ತಳದಲ್ಲಿ ಇರಿಸಿಕೊಂಡರು.

ಮೊದಲ ದಿನ ತೋಳ ಬಂದಾಗ ಹಾಡಿನ ಗುಂಡಿ ಒತ್ತಿ ಎಂದೆ. ಒತ್ತಿದರು. ಒತ್ತಿದ್ದಲ್ಲದೆ ತಾವೂ ಮೆಲ್ಲಗೆ ಗುನುಗಿದರು. ತಾವೂ ಹಾಡಬೇಕೆಂದು ತಿಳಿದಿದ್ದರೋ ಏನೋ... ಅದೊಂದು ಜೋಗುಳದ ಧಾಟಿ. ಕೆಳಗೆ ಪಾತ್ರೆ ತಿಕ್ಕುತ್ತಿದ್ದ ಕಾಕುವಿನ ಸದ್ದು ನಿಂತಿತು. ತೋಳ ಮಲಗಿತು. ಓಡಿ ಎಂದು ನಾನು ಕೂಗುತ್ತಿದ್ದೆ, ಕಾಕಾ ಕದಲಲಿಲ್ಲ. ಅದು ಏಳುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಎದ್ದಿತು, ಎದ್ದು ಕಚ್ಚಿತು. ಹಾಡುಗಾರರು ಸತ್ತು ಮತ್ತೆ ಹಳ್ಳಿಯ ಬಾವಿಕಟ್ಟೆಯಲ್ಲಿ ಹುಟ್ಟಿದರು. ನಾನು ಹೊಟ್ಟೆ ಹಿಡಿದು ನಕ್ಕೆ. ಕಾಕಾರಿಗೆ ಮಾತ್ರ ಸಮಾಧಾನ: ಎದ್ದಿತಲ್ಲ, ಅಷ್ಟು ಸಾಕು.

ಹನ್ನೆರಡು ಸಂಜೆ ಹೀಗೇ ನಡೆಯಿತು. ಎಷ್ಟು ಸಲ ಸತ್ತರೋ ಲೆಕ್ಕವಿಲ್ಲ. ದಾರಿಯಲ್ಲಿ ಹಾಳು ಗುಡಿಯೊಂದರಿಂದ ಎಲುಬಿನ ಗೂಡುಗಳು ಎದ್ದು ಬಂದವು. ಇವುಗಳಲ್ಲಿ ಜೀವವಿಲ್ಲವಲ್ಲ, ಇವನ್ನಾದರೂ ಹೊಡೆಯಬಹುದಲ್ಲ ಎಂದೆ. ಯಾರ ಎಲುಬೋ ಏನೋ ಎಂದು ಅವನ್ನೂ ಮಲಗಿಸಿ, ಸುತ್ತುಹಾಕಿ ಹೋದರು. ನಿದ್ದೆಯ ಹೊತ್ತನ್ನು ಮನಸ್ಸಿನಲ್ಲೇ ಎಣಿಸಲು ಕಲಿತರು. ಕೀಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗುರುತು ಹಿಡಿದರು. ಮಧ್ಯೆ ಮಧ್ಯೆ, ಅವಳು ಎತ್ತರ ಇದ್ದಾಳಂತೇನು, ಶಾಲೆಯಲ್ಲಿ ಯಾವ ಇಯತ್ತೆಯಂತೆ ಎಂದು ಕೇಳುತ್ತಿದ್ದರು. ಮಗಳ ಬಗ್ಗೆ ಮಾತ್ರ ಒಂದೂ ಕೇಳಲಿಲ್ಲ.

ಹದಿಮೂರನೆಯ ಸಂಜೆ ಸೇತುವೆ ದಾಟಿದರು. ನಾನು ಮೊದಲೇ ಹೇಳಿಟ್ಟಿದ್ದರಿಂದ ಮೊಮ್ಮಗಳು ಪಟ್ಟಣದ ಬಾಗಿಲಲ್ಲಿ ಕಾಯುತ್ತಿದ್ದಳು. ಅವಳದು ಯೋಧೆಯ ಸೋಗು: ಮೈತುಂಬ ಕವಚ, ಆಳೆತ್ತರದ ಕೊಡಲಿ. ಕಾಕಾ ಆ ಕೊಡಲಿಯನ್ನೇ ನೋಡಿದರು. ಅಷ್ಟರಲ್ಲಿ ಅವಳು ಕೊಡಲಿಯನ್ನು ಬೆನ್ನಿಗೆ ಸಿಕ್ಕಿಸಿ ನೆಲಕ್ಕೆ ಬಾಗಿದಳು. ಪರದೆಯ ಮೇಲೆ ಅಕ್ಷರ ಮೂಡಿತು: ಅಜ್ಜಾ?

ಕಾಕಾ ತಾವೇ ಒಂದೊಂದು ಅಕ್ಷರ ಹುಡುಕಿ ಒತ್ತಿ, ಹೌದು ಎಂದು ಬರೆದರು. ಅದಕ್ಕೇ ಎರಡು ನಿಮಿಷ ಬೇಕಾಯಿತು. ಉತ್ತರ ಮಾತ್ರ ತಕ್ಷಣ ಬಂತು. ನಾನು ಓದಿ ಹೇಳಿದೆ.

"ಅವ್ವ ಇಲ್ಲೆ ನನ್ನ ಬಾಜೂಕ ಕುಂತಾಳ ಅಂತ ಬರದಾಳ್ರಿ."

ಕಾಕಾ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹನ್ನೆರಡು ಸಂಜೆ ನಡೆದರೂ ಮೊದಲನೆಯ ಮಾತು ಹೊಳೆದಿರಲಿಲ್ಲವೆಂದು ಕಾಣುತ್ತದೆ. ಹೊರಗೆ ಕತ್ತಲಾಗುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ಊಟಾ ಆತೇನ ಅಂತ ಕೇಳು."

ಕೇಳಿದೆ. ಈ ಸಲ ಉತ್ತರ ಬರಲು ತಡವಾಯಿತು. ಒಂದೊಂದೇ ಅಕ್ಷರವನ್ನು ಆ ಕಡೆಯೂ ಯಾರೋ ಹುಡುಕಿ ಒತ್ತುತ್ತಿದ್ದರು.

"ಹೊತ್ತ ಮುಳುಗೂದರಾಗ ಆತು, ಅಪ್ಪಾ. ದಿನಾ ಹಂಗ."

ಕಾಕಾ ಅದನ್ನು ನನ್ನಿಂದ ಮತ್ತೊಮ್ಮೆ ಓದಿಸಿದರು. ದಿನಾ ಹಂಗ... ಬೇರೆ ಮನೆಯಲ್ಲಿ, ಬೇರೆ ಪದ್ಧತಿಯ ನಡುವೆ, ಹದಿನಾರು ವರ್ಷ ಆಕೆ ತವರಿನ ಹೊತ್ತಿಗೇ ಉಂಡಿದ್ದಳು. ಕಾಕಾ ಅಂಗಿಯ ತುದಿಯಿಂದ ಕಣ್ಣು ಒತ್ತಿಕೊಂಡರು. ಬಾಗಿಲಲ್ಲಿ ಕಾಕು ನಿಂತಿದ್ದರು. ಯಾವಾಗ ಮೇಲೆ ಬಂದರೋ ನಾವಿಬ್ಬರೂ ನೋಡಿರಲಿಲ್ಲ.

"ನಿನ್ನೆ ಹೀರಿಕಾಯಿ ಪಲ್ಯಾ ಮಾಡೇನಿ ಅಂದಿದ್ಲು" ಎಂದರು ಕಾಕು. "ಇವತ್ತ ಏನ ಮಾಡ್ಯಾಳ ಕೇಳ್ರಿ."

ಕಾಕಾ ತಿರುಗಿ ನೋಡಿದರು. "ನಿನಗ ಯಾವಾಗ ಅಂದ್ಲು?"

"ಫೋನಿನ್ಯಾಗ. ನೀವು ಬಸದಿಗೆ ಹೋದಾಗ ದಿನಾ ಮಾತಾಡ್ತೇವಲ್ಲ."

"ಎಂದಿಂದ?"

"ಹದಿನೈದ ವರ್ಷ ಆತು. ಮೊದಲನೇ ವರ್ಷ ನಾನೂ ಸಿಟ್ಟಾಗಿದ್ದೆ."

ಕಾಕಾ ನಗತೊಡಗಿದರು. ಅಂಥ ನಗುವನ್ನು ಅವರಿಂದ ನಾನು ಕೇಳಿರಲೇ ಇಲ್ಲ. ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತೋಳ, ಕರಡಿ, ಎಲುಬಿನ ಗೂಡು ಎಲ್ಲ ದಾಟಿ ತಾವು ಮುಟ್ಟಿದ ಊರಿಗೆ ಹೆಂಡತಿ ದಿನಾ ಹೋಗಿ ಬರುತ್ತಿದ್ದಳಲ್ಲ ಎಂದು ಹೇಳಿ ಹೇಳಿ ನಕ್ಕರು. ಅಡುಗೆಮನೆಯಿಂದ ಅವ್ವ ಬಂದಳು, ಕಾರಣ ತಿಳಿದು ಅವಳೂ ನಕ್ಕಳು.

ಆ ಭಾನುವಾರ ಇಬ್ಬರೂ ಮಿರಜದ ಬಸ್ಸು ಹತ್ತಿದರು. ಮುಕ್ಕಾಲು ತಾಸಿನ ದಾರಿ. ಮರುದಿನ ಮಗಳು, ಅಳಿಯ, ಮೊಮ್ಮಗಳನ್ನು ಕರೆದುಕೊಂಡೇ ಬಂದರು. ಹಸಿರು ಬಾಗಿಲ ಹತ್ತಿರ ಮಗಳು ನಿಂತುಬಿಟ್ಟಳು. ಕಾಕಾ ಅವಳ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು ತಾವು ಮೊದಲು ಒಳಗೆ ಹೋದರು. ಅವಳು ಹಿಂದೆ ಹೋದಳು. ಆಳೆತ್ತರದ ಕೊಡಲಿಯ ಯೋಧೆ ನಿಜದಲ್ಲಿ ಕನ್ನಡಕದ ಸಣಕಲು ಹುಡುಗಿ. ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದಳು. ಆ ಬೇಸಿಗೆ ಆ ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ ಆಗದ ದಿನವಿರಲಿಲ್ಲ.

ಕಾಕಾ ಆಟ ಬಿಡಲಿಲ್ಲ. ಒಂದೂ ಜೀವ ಕೊಲ್ಲದ ಹಾಡುಗಾರ ಎಂದು ಆ ಲೋಕದಲ್ಲಿ ಹೆಸರಾಯಿತು. ಎಲ್ಲೆಲ್ಲಿಯವರೋ ದಾರಿ ದಾಟಿಸಿ ಎಂದು ಕರೆಯುತ್ತಿದ್ದರು. ಕೊಲ್ಲಬಾರದು ಎಂಬ ಕರಾರಿಗೆ ಒಪ್ಪಿದವರ ಜೊತೆ ಮಾತ್ರ ಹೋಗುತ್ತಿದ್ದರು. ನಾನು ಡಿಗ್ರಿ ಮುಗಿಸಿ, ಕೆಲಸ ಸಿಕ್ಕಿ, ಮದುವೆಯಾಗಿ ಹಾರೂಗೇರಿಗೆ ಬಂದೆ. ಅಪ್ಪ ಅವ್ವನೂ ಆ ಮನೆ ಬಿಟ್ಟರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೊಮ್ಮಗಳ ಫೋನ್ ಬಂತು. ಅವಳು ಅಳುತ್ತಿದ್ದಳು, ಕೇಳುವುದೇನೂ ಉಳಿದಿರಲಿಲ್ಲ. ಕಾಕಾರ ಕೊನೆಯ ದಿನಗಳಲ್ಲಿ ಮಗಳೇ ಹತ್ತಿರವಿದ್ದಳಂತೆ. ಅದಾಗಿ ಕೆಲವೇ ತಿಂಗಳಿಗೆ ಆ ಆಟವನ್ನೂ ಕಂಪನಿಯವರು ಮುಚ್ಚಿದರು.

ಇರುವೆ ಕಂಡ ಮೊನ್ನೆಯ ದಿನ ಮನಸ್ಸು ತಡೆಯದೆ, ಮರುದಿನವೇ ಮಿರಜಕ್ಕೆ ಹೋದೆ. ಕಾಕು ಈಗ ಮಗಳ ಮನೆಯಲ್ಲಿದ್ದಾರೆ. ಮಾತಿನ ನಡುವೆ, ಕಾಕಾ ಆ ಆಟದೊಳಗೆ ಇನ್ನೂ ಇದ್ದಾರೆಯೇ ಎಂದು ಕೇಳಿದರು. ಇಲ್ಲ ಕಾಕು, ಅದೂ ಮುಚ್ಚಿಹೋಯಿತು ಎಂದೆ. ಅವರು ಸೆರಗಿನ ಅಂಚನ್ನು ಮಡಿಸತೊಡಗಿದರು.

"ನನಗ ದೂರಿಂದ ಕಾಣ್ತಿರಲಿಲ್ಲ. ಹತ್ರ ಹೋಗಿ ನೋಡಾಕ ನಾಚಿಕಿ. ಅದರಾಗ ಹೆಂಗ ಕಾಣ್ತಿದ್ರು ಅವರು?"

ಹೇಳಿದೆ. ಕರೀ ಮೀಸೆ, ನೀಲಿ ನಿಲುವಂಗಿ, ಕೆಂಪು ಟೊಪ್ಪಿಗೆ, ಟೊಪ್ಪಿಗೆಯಲ್ಲೊಂದು ಉದ್ದನೆಯ ಗರಿ.

"ಟೊಪಗಿ ಹಾಕಿದ್ರಾ?" ಕಾಕು ನನ್ನ ಮುಖ ನೋಡಿದರು. "ನಮ್ಮ ಮದಿವ್ಯಾಗ ಎಷ್ಟ ಅಂದ್ರೂ ಒಲ್ಲೆ ಅಂದಿದ್ರು."

ಆ ಗರಿ ಯಾವ ಕಡೆಗೆ ಬಾಗಿತ್ತು ಎಂದು ಕೇಳಿದರು. ನನಗೆ ನೆನಪಿರಲಿಲ್ಲ... ಎಡಕ್ಕೆ ಎಂದೆ. ಕಾಕು ಕಣ್ಣು ಮುಚ್ಚಿ, ನಗುತ್ತ, ಅದನ್ನು ಬಹಳ ಹೊತ್ತು ನೋಡುತ್ತ ಕೂತರು.