ಉಬ್ಬಸದ ಬೆನ್ನಿಗೆ ಎಣ್ಣೆ

ಉಬ್ಬಸ ಇರುವವರಿಗೆ ಮಸಾಜ್ ಮಾಡಬಹುದೋ ಬಾರದೋ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರ ಮೇಲಲ್ಲ, ಉತ್ತರ ಗೊತ್ತಿದೆ ಅಂದುಕೊಂಡವರ ಮೇಲೆ. ಅಂಥವರಿಗೇನು ಬರವೇ.

ನಾನು ಕೆಲಸ ಕಲಿತದ್ದು ಕೊಯಮತ್ತೂರಿನ ಒಂದು ಮಸಾಜ್ ಸೆಂಟರಿನಲ್ಲಿ. ಅಲ್ಲಿ ಬಂದವರನ್ನು ಕೂರಿಸಿ ಬಿಪಿ ಇದೆಯಾ, ಶುಗರ್ ಇದೆಯಾ, ವೀಸಿಂಗ್ ಇದೆಯಾ ಎಂದು ಕೇಳುತ್ತಿದ್ದೆವು. ವೀಸಿಂಗ್, ಅಂದರೆ ಉಬ್ಬಸ, ಇದೆ ಅಂದರೆ ಮುಗಿಯಿತು, ಕೈ ಮುಗಿದು ವಾಪಸ್. ಯಾಕೆ ಎಂದು ಒಮ್ಮೆ ಮೇಡಂ ಅವರನ್ನೇ ಕೇಳಿದೆ. "ನಮಕ್ಕು ಎದುಕ್ಕುಮ್ಮಾ ವಂಬು" ಅಂದರು. ನಮಗ್ಯಾಕಮ್ಮ ಇಲ್ಲದ ತಂಟೆ ಅಂತ. ಅಷ್ಟೇ ಅವರ ವಿದ್ಯೆ.

ಊರಿಗೆ ಬಂದು ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ ಹೆಂಗಸರಿಗೆಂದೇ ಒಂದು ಕೋಣೆ ಹಿಡಿದೆ. ಇಲ್ಲಿಯವರದು ಅದಕ್ಕೆ ತದ್ವಿರುದ್ಧ. ಸೊಂಟ ಹಿಡಿದರೂ ನೀವಿಕೊಡು, ಹೊಟ್ಟೆ ನೊಂದರೂ ನೀವಿಕೊಡು. ಉಬ್ಬಸಕ್ಕಂತೂ ಕರ್ಪೂರ ಕರಗಿಸಿದ ಎಣ್ಣೆಯನ್ನು ಎದೆಗೆ ತಿಕ್ಕಿ, ಮೇಲಿಷ್ಟು ಸಾಂಬ್ರಾಣಿ ಹೊಗೆ ಹಾಕಿದರೆ ಕಫವೆಲ್ಲ ನೀರಾಗಿ ಹೋಗುತ್ತದಂತೆ. ಹೊಗೆ! ಉಸಿರು ಸಿಗದವರಿಗೆ ಹೊಗೆ! ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಒಂದು ಕಡೆಯವರು ಮುಟ್ಟಲೇಬೇಡ ಅನ್ನುತ್ತಾರೆ, ಇನ್ನೊಂದು ಕಡೆಯವರು ಮುಟ್ಟಿದರೆ ವಾಸಿ ಅನ್ನುತ್ತಾರೆ. ಇವರಿಬ್ಬರ ನಡುವೆ ಸಿಕ್ಕಿಹಾಕಿಕೊಂಡವಳು ನನ್ನ ಚಿಕ್ಕವ್ವ.

ಚಿಕ್ಕವ್ವ ಅಂದರೆ ಅವ್ವನ ತಂಗಿ, ದೊಡ್ಡಗಾಜನೂರಿಗೆ ಕೊಟ್ಟಿದ್ದು. ಅವ್ವ ಹೊಲಕ್ಕೆ ಹೋದ ದಿನಗಳಲ್ಲಿ ನನ್ನ ತಲೆಗೆ ಎಣ್ಣೆ ಒತ್ತಿ ಜಡೆ ಹಾಕುತ್ತಿದ್ದವಳು ಅವಳೇ. ಅವಳಿಗೆ ಉಬ್ಬಸ ಹತ್ತಿ ಬಹಳ ವರ್ಷವಾಯಿತು. ಉಬ್ಬಸದವರ ನೋವು ಎದೆಯಲ್ಲಿ ಮಾತ್ರ ಇರುವುದಿಲ್ಲ. ಉಸಿರು ಎಳೆದೆಳೆದು ಕತ್ತು, ಭುಜ, ಪಕ್ಕೆ ಎಲ್ಲ ಹೆಪ್ಪುಗಟ್ಟಿಹೋಗಿರುತ್ತದೆ. ಚಿಕ್ಕವ್ವನ ಭುಜಗಳು ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿದ್ದವು. ಅದನ್ನು ನೋಡಿಕೊಂಡು ನಮಗ್ಯಾಕೆ ತಂಟೆ ಅನ್ನುವುದು ನನ್ನಿಂದಾಗಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನನ್ನು ಹೋಗಿ ಕೇಳಿದೆ. ಬೆಳಿಗ್ಗೆ ಸಂಜೆ ಎಳೆಯುವ ಪಂಪು ಬಿಡದಿದ್ದರೆ ಬೆನ್ನು ಭುಜ ನೀವುವುದರಿಂದ ಏನೂ ತೊಂದರೆಯಿಲ್ಲ, ಉಬ್ಬಸ ಎದ್ದ ದಿನ ಮಾತ್ರ ಬೇಡ ಅಂದರು. ಪಂಪು ಅಂದರೆ ಇನ್‌ಹೇಲರು, ಆಸ್ಪತ್ರೆಯಲ್ಲೇ ಕೊಡುತ್ತಾರೆ. ನಾನೂ ಕಟ್ಟುನಿಟ್ಟು ಮಾಡಿದೆ. ವಾರಕ್ಕೊಂದು ಸಲ, ಸೋಮವಾರ. ವಾಸನೆಯಿಲ್ಲದ ಎಣ್ಣೆ, ಬೋರಲು ಮಲಗಿಸುವಂತಿಲ್ಲ, ಸ್ಟೂಲಿನ ಮೇಲೆ ಕೂರಿಸಿ ಮುಂದೆ ದಿಂಬು ಕೊಡುವುದು. ಎಲ್ಲಕ್ಕಿಂತ ಮೊದಲು, ನನ್ನೆದುರಿಗೇ ಪಂಪು ಎಳೆದುಕೊಳ್ಳಬೇಕು. ಆಮೇಲೆ ಎಣ್ಣೆ.

ಅವಳ ಮನೆಯಲ್ಲಿ ಪಂಪಿನ ಹೆಸರೆತ್ತಿದರೆ ಚಿಕ್ಕಪ್ಪನದು ಒಂದೇ ರಾಗ. "ಬೀಡಿ ಎಳ್ದಂಗ ದಿನಾ ಎಳುದ್ರ ಚಟ ಆಗ್ಬುಡ್ತದ ಕಣವ್ವ." ಅವನ ಬಾಯಲ್ಲಿ ಅದನ್ನು ಹೇಳುವಾಗಲೂ ಬೀಡಿಯಿತ್ತು. ಚಿಕ್ಕವ್ವ ಅವನಿಗೂ ತಲೆ ಆಡಿಸುತ್ತಿದ್ದಳು, ನನಗೂ ತಲೆ ಆಡಿಸುತ್ತಿದ್ದಳು.

"ನಿನ್ ಕೈ ಬಿದ್ರ ಸಾಕು ಕಣಮ್ಮಿ, ಎದ ಅಗುರಾಯ್ತದ" ಅನ್ನುತ್ತಿದ್ದಳು ನನಗೆ.

"ನನ್ ಕೈಲಿ ಔಸ್ದಿ ಇಲ್ಲ ಚಿಕ್ಕವ್ವ. ಎರಡ್ ತಿಂಗಳು ಪಂಪ ನೆಟ್ಟಗ ಎಳ್ಕೊ. ಈ ನೋವೇ ಇರಲ್ಲ. ಆಮೇಲ ನೀ ನನ್ ತಾವ ಬರೋದೇ ಬ್ಯಾಡ."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಅಂದಿನಿಂದ ಒಂದು ಸೋಮವಾರವೂ ತಪ್ಪದೆ ಬಂದಳು. ನಾನು ಎಣ್ಣೆ ಬಿಸಿಮಾಡುವಷ್ಟರಲ್ಲಿ ಬಾಗಿಲ ಬಳಿ ನಿಂತು, ಪಂಪು ಅಲ್ಲಾಡಿಸಿ, ಬಾಯಿಗಿಟ್ಟು ಒತ್ತಿ, ಕೆನ್ನೆ ಉಬ್ಬಿಸಿ ನನಗೆ ತೋರಿಸುತ್ತಿದ್ದಳು. ಆದರೂ ಭುಜ ಇಳಿಯಲೇ ಇಲ್ಲ. ವಾರ ವಾರವೂ ಅದೇ ಗಂಟು. ನನ್ನ ಕೆಲಸದಲ್ಲೇ ಏನೋ ಕಮ್ಮಿಯಾಗಿದೆ ಅಂದುಕೊಂಡು ಮನಸ್ಸು ಕೆಡಿಸಿಕೊಂಡೆ.

ಈ ಸುಗ್ಗಿಯಲ್ಲಿ ಒಂದು ದಿನ ಮುಸುಕಿನ ಜೋಳ ಬಿಡಿಸುವ ಮಿಷನ್ನಿನ ಮುಂದಿಂದ ಎದ್ದು ನೇರ ನನ್ನ ಕೋಣೆಗೇ ಬಂದಳು. ತಲೆಯಲ್ಲಿ ಧೂಳು, ಎದೆಯಲ್ಲಿ ಸಣ್ಣ ಸಿಳ್ಳು. ಇವತ್ತು ಬೇಡ ಅಂದೆ. ಪಂಪು ಎಳ್ಕೊಂಡೆನಲ್ಲ ಅಂದಳು. ಸ್ಟೂಲಿನ ಮೇಲೆ ಕೂತವಳು ದಿಂಬಿಗೆ ಒರಗುವ ಮೊದಲೇ ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಳು. ಮಾತು ಬರುತ್ತಿಲ್ಲ. ತುಟಿ ಕಪ್ಪಿಟ್ಟಿತು. ಅವಳ ಪಂಪು ಕಿತ್ತುಕೊಂಡು ಬಾಯಿಗಿಟ್ಟು ಒತ್ತಿದೆ. ಏನೂ ಇಲ್ಲ. ಗಾಳಿಯಲ್ಲಿ ಒತ್ತಿ ನೋಡಿದೆ, ಹನಿ ಔಷಧಿಯೂ ಬರಲಿಲ್ಲ. ಖಾಲಿ. ಯಾವ ಕಾಲದಲ್ಲೋ ಮುಗಿದಿದ್ದ ಪಂಪು.

ಆಟೋದಲ್ಲಿ ಎತ್ತಿಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಮೂಗಿಗೆ ಬಾಯಿಗೆ ಸೇರಿಸಿ ಮುಖವಾಡ ಕಟ್ಟಿ ಔಷಧಿ ಬಿಟ್ಟರು. ಉಬ್ಬಸ ಇಳಿಯದಿದ್ದರೆ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಅಂದರು. ಸತ್ಯಮಂಗಲದ ದಾರಿ ಹಿಡಿದರೆ ನಾವು ದಿಂಬಂ ಘಾಟಿ ಮುಟ್ಟುವ ಹೊತ್ತಿಗೆ ರಾತ್ರಿಯಾಯಿತೆಂದು ಕಾಡಿನ ಗೇಟು ಹಾಕಿರುತ್ತಾರೆ. ನಾನು ಬಾಗಿಲಿಗೆ ಒರಗಿ ಅವಳ ಎದೆ ಏಳುವುದನ್ನೇ ನೋಡುತ್ತ ನಿಂತಿದ್ದೆ. ದೇವರ ದಯೆ, ಇಳಿಯಿತು.

ಚಿಕ್ಕಪ್ಪ ಬಂದ ಮೇಲೆ ಅವನನ್ನು ಅವಳ ಬಳಿ ಕೂರಿಸಿ, ಸೀರೆ ತರಲು ದೊಡ್ಡಗಾಜನೂರಿಗೆ ಹೋದೆ. ದೀಪ ಹಚ್ಚಲೆಂದು ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುವಾಗ ಸಿಕ್ಕವು, ಲಿಂಗದ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದ ಹೊಸ ಪಂಪುಗಳು. ಒಂದರ ಸೀಲೂ ಒಡೆದಿಲ್ಲ. ಮೇಲೆ ವಿಭೂತಿ ಉದುರಿ ಬೆಳ್ಳಗಾಗಿತ್ತು. ಅಲ್ಲೇ ನಿಂತು ಬಾಯಿಗೆ ಬಂದಂತೆ ಬಯ್ದೆ. ಚಿಕ್ಕಪ್ಪನನ್ನು, ಕೊಯಮತ್ತೂರಿನ ಮೇಡಂ ಅವರನ್ನು, ಕರ್ಪೂರದ ಎಣ್ಣೆಯನ್ನು, ಯಾರನ್ನೂ ಬಿಡಲಿಲ್ಲ.

ಅವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಂದು ಆಸ್ಪತ್ರೆ ಮಂಚದ ಮೇಲೆ ಸುರಿದೆ. ಚಿಕ್ಕಪ್ಪ ಮೆಲ್ಲಗೆ ಎದ್ದು ಟೀ ತರುವ ನೆಪದಲ್ಲಿ ಹೊರಗೆ ಹೋದ.

"ಇದೇನು ಚಿಕ್ಕವ್ವ? ಸಾಯ್ಬೇಕು ಅಂತ ಇದ್ದೀಯಾ? ನನ್ ಕೋಣೆಲೇ ಸಾಯ್ಬೇಕಾಗಿತ್ತಾ?"

ಅವಳು ಪಂಪುಗಳನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಉಸಿರಿಗೊಂದೊಂದು ಮಾತು ಹೇಳಿದಳು.

"ನೋವು ಓದ್ರ ಬರೋದೇ ಬ್ಯಾಡ ಅಂದ್ಯಲ್ಲಾ ನೀನು."

"ಊಂ, ಅಂದೆ. ಒಳ್ಳೇದುಕ್ಕೇ ಅಂದೆ."

"ನಿನ್ ಚಿಕ್ಕಪ್ಪ ನನ್ ಕೆಮ್ಮು ಅಂತ ಅಟ್ಟಿ ಒರಗ ಜಗ್ಲಿ ಮ್ಯಾಲ ಮನಿಕತಾನ. ನನ್ ಮೈ ಮುಟ್ಟೋರು ನಿನ್ ಬುಟ್ರ ಯಾರವ್ವ? ಉಸ್ರು ನೆಟ್ಟಗಾಗ್ಬುಟ್ರ ಯಾವ್ ಮೊಕ ಇಟ್ಕಂಡು ಬರ್ಲಿ?"

ಅವಳನ್ನು ಅಲ್ಲೇ ಹಿಡಿದು ಎರಡು ಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಅಷ್ಟೇ ಅಳುವೂ ಬಂತು. ಮಂಚದ ಕೊನೆಯಲ್ಲಿ ಕೂತು ಅವಳ ಪಾದ ಎಳೆದು ತೊಡೆಯ ಮೇಲೆ ಇಟ್ಟುಕೊಂಡೆ. ಎಣ್ಣೆಯಿರಲಿಲ್ಲ, ಬರಿಗೈಯಲ್ಲೇ ಒತ್ತಿದೆ.

"ಕೇಳ್ಸ್ಕೊ. ಇನ್ಮೇಲ ಸಿಳ್ಳು ಇಟ್ಕಂಡು ಬಂದ್ರ ಬಾಗ್ಲು ತಗಿಯಲ್ಲ. ಉಸ್ರು ನೆಟ್ಟಗಿದ್ದ ದಿನ ಮಾತ್ರ ಎಣ್ಣ. ನೋವು ಇರ್ಲಿ ಬುಡ್ಲಿ, ಉಸ್ರು ನೆಟ್ಟಗಿದ್ರ ಸಾಕು."

ಅವಳು ಮಂಚದ ಮೇಲಿನ ಒಂದು ಪಂಪು ತೆಗೆದು, ಸೆರಗಿನಲ್ಲಿ ವಿಭೂತಿ ಒರೆಸಿ ನನ್ನ ಕಡೆ ಚಾಚಿದಳು.

"ಈ ಸೀಲು ನಂಗ ಒಡಿಯಾಕ ಬರಲ್ಲ, ಒಡ್ಕೊಡು" ಅಂದಳು. "ಸೋಮ್ವಾರುಕ್ಕ ಎಷ್ಟ್ ದಿನ ಅದ?"