ಅವ್ವ ಒಳಗೆ ಹೋದ ಮೇಲೂ ಬಂದ ಹಾಡು

೨೦೦೫ನೇ ಇಸವಿ. ಅವ್ವನ ವರ್ಷದ ತಿಥಿ ಹತ್ತಿರ ಬಂದಿತ್ತು. ಬಂದವರಿಗೆಲ್ಲ ಅವಳನ್ನು ತೋರಿಸಬೇಕೆಂದು ನನ್ನ ಮದುವೆಯ ವಿಡಿಯೊ ಕ್ಯಾಸೆಟ್ ಹುಡುಕಿ ತೆಗೆದೆ. ಶ್ರೀರಾಂಪುರದ ತವರುಮನೆ ಮುಂದೆ ಚಪ್ಪರದಲ್ಲಿ ಆದ ಮದುವೆ ಅದು. ವಿಡಿಯೊದವನು ಆಗಿನ ಪದ್ಧತಿಯಂತೆ ತಾಳಿಯಿಂದ ಊಟದ ಪಂಕ್ತಿಯವರೆಗೆ ಎಲ್ಲಕ್ಕೂ ಸಿನಿಮಾ ಹಾಡು ಸುರಿದಿದ್ದ. ಕೊನೆಯಲ್ಲಿ ಅವ್ವ ಬಾಗಿಲಲ್ಲಿ ನಿಂತು ಹೇಳಿದ ಹೆಣ್ಣೊಪ್ಪಿಸುವ ಹಾಡು ಮಾತ್ರ ಅವಳ ದನಿಯಲ್ಲೇ ಉಳಿದಿತ್ತು. ಅವಳ ದನಿ ಇದ್ದದ್ದು ಅದೊಂದರಲ್ಲೇ.

ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಅನ್ವರ್ ಎಂಬವನ ಕಂಪ್ಯೂಟರ್ ಅಂಗಡಿಯಿತ್ತು. ಸಿ.ಡಿ. ಮಾಡಿಕೊಡಲು ಕ್ಯಾಸೆಟ್ ಕೊಟ್ಟು ಬಂದೆ.

ಎರಡು ದಿನ ಬಿಟ್ಟು ಹೋದಾಗ ಅಲ್ಲೇ ಹಾಕಿ ತೋರಿಸಿದ. ಮೊದಲೆಲ್ಲ ಚೆನ್ನಾಗಿತ್ತು. ಅವ್ವ ಬಂದಳು. ತುಟಿ ಮುಂದೆ, ದನಿ ಹಿಂದೆ. ಹಾಡು ಸಾಗಿದಷ್ಟೂ ಅಂತರ ಬೆಳೆಯಿತು. “ಇದ್ಯಾಕಪ್ಪ ಹಿಂಗೆ?” ಅಂದೆ. ಇದ್ದದ್ದು ಒಂದೇ ಕಂಪ್ಯೂಟರ್. ಕ್ಯಾಸೆಟ್ ಓಡುತ್ತಿರುವಾಗಲೇ ಅವನು ಅದರಲ್ಲಿ ಯಾರದೋ ಲಗ್ನಪತ್ರಿಕೆ ಟೈಪ್ ಮಾಡಿದ್ದನಂತೆ. ಕಂಪ್ಯೂಟರ್ ತಡವರಿಸಿ, ಚಿತ್ರ ಅಲ್ಲಲ್ಲಿ ಬಿಟ್ಟುಹೋಗಿ, ದನಿ ಮಾತ್ರ ಪೂರ್ತಿ ಬಂದಿತ್ತು. ಸಿನಿಮಾ ಹಾಡಿನ ಮದುವೆಗಳನ್ನೇ ಸಿ.ಡಿ.ಗೆ ಇಳಿಸಿದವನಿಗೆ ತುಟಿ ನೋಡುವ ರೂಢಿಯೇ ಇರಲಿಲ್ಲ.

“ಇನ್ನೊಂದು ಸಲ ಇಳಿಸಪ್ಪ” ಅಂದೆ.

ಅವನು ತಲೆ ತಗ್ಗಿಸಿದ. ಕಂಪ್ಯೂಟರ್ ತಡವರಿಸಿದ್ದರಿಂದ ಸಂಶಯ ಬಂದು ಕ್ಯಾಸೆಟ್ಟನ್ನು ಆಗಲೇ ಮತ್ತೆ ಹಾಕಿದ್ದನಂತೆ. ಬೂಷ್ಟು ಹಿಡಿದಿದ್ದ ಟೇಪು ವಿ.ಸಿ.ಆರ್. ಒಳಗೆ ಸಿಕ್ಕಿ, ಕೊನೆಯ ಭಾಗವೆಲ್ಲ ಮುದ್ದೆಯಾಗಿತ್ತು. ನನ್ನೆದುರೇ ದನಿಯನ್ನು ಹಿಂದೆ ಮುಂದೆ ಸರಿಸಿ ನೋಡಿದ. ಹಾಡಿನ ಮೊದಲು ಕೂಡಿದರೆ ಕೊನೆ ತಪ್ಪುತ್ತಿತ್ತು, ಕೊನೆ ಕೂಡಿದರೆ ಮೊದಲು.

“ಅಕ್ಕಾ, ಇದರ ಮೇಲೂ ಒಂದು ಸಿನಿಮಾ ಹಾಡು ಹಾಕ್ಲಾ? ತಪ್ಪಿರೋದು ಯಾರಿಗೂ ಗೊತ್ತಾಗಲ್ಲ” ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

“ಅದು ನಮ್ಮವ್ವನ ದನಿ ಕಣಪ್ಪ. ಹಂಗೇ ಇರ್ಲಿ, ಕೊಡು” ಅಂದೆ.

ಅವ್ವನನ್ನು ಮಣ್ಣು ಮಾಡಿದ ದಿನ ಬಾಯಿಬಿಟ್ಟು ಅತ್ತಿದ್ದೆ. ಆ ಅಂಗಡಿಯಲ್ಲಿ ಅಳುವುದಕ್ಕೂ ಆಗಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯಲಿಲ್ಲ.

ಈಗಲೂ ಪ್ರತಿವರ್ಷ ತಿಥಿಯ ದಿನ ಆ ಸಿ.ಡಿ. ಹಾಕುತ್ತೇವೆ. ಈ ಸಲವಾದರೂ ಕೂಡಬಹುದೇನೋ ಎಂಬ ಹುಚ್ಚು ಆಸೆ ನನಗೆ. ಕೂಡುವುದಿಲ್ಲ. ಅವ್ವ ಹಾಡು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿಬಿಡುತ್ತಾಳೆ. ಖಾಲಿ ಬಾಗಿಲಲ್ಲಿ ಅವಳ ದನಿ ಇನ್ನೂ ಎರಡು ಸಾಲು, ನನ್ನನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಬೀಗರನ್ನು ಕೇಳಿಕೊಳ್ಳುತ್ತಿರುತ್ತದೆ.